ಒಂದು ಬಕೆಟ್ ನೀರು, ಐದು ಭಾಷೆ

ಪಾಣೆಮಂಗಳೂರಿನ ನಮ್ಮ ಹಳೆ ಮನೆಯ ಬಚ್ಚಲು ಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಮುರಕಲ್ಲಿನ ಗೋಡೆ, ಒಳಗೆ ದೊಡ್ಡ ತಾಮ್ರದ ಹಂಡೆ, ಒಲೆಗೆ ಒಣ ಮಡಲು ಮತ್ತು ಗೆರಟೆ. ಉಮ್ಮ ನೀರು ಕಾಯಿಸುವಷ್ಟರಲ್ಲಿ ನಾವು ಮಕ್ಕಳು ಒಲೆಯ ಬಾಯಿಯಿಂದ ತಣ್ಣಗಾದ ಇದ್ದಿಲು ಎತ್ತಿಕೊಂಡು ಗೋಡೆಯ ಮೇಲೆ ದೋಣಿ, ಮೀನು, ಬಂಟ್ವಾಳದ ಬಸ್ಸು ಎಲ್ಲ ಬರೆಯುತ್ತಿದ್ದೆವು. ದಾಸವಾಳದ ಎಲೆ ಕಿವುಚಿದ ಲೋಳೆಯನ್ನು ತಲೆಗೆ ಹಚ್ಚುವ ಮೊದಲು ಅಂಗೈಯಲ್ಲಿ ಉಜ್ಜಿ ನೂಲಿನ ಹಾಗೆ ಎಳೆಯುವುದು ಇನ್ನೊಂದು ಆಟ. ಕೊನೆಗೆ ಉಮ್ಮ ಬೈಯುತ್ತಾ ಚೊಂಬು ಚೊಂಬು ನೀರು ಸುರಿಯುವಾಗ ನಮ್ಮ ಮೈಯೂ ಗೋಡೆಯೂ ಒಟ್ಟಿಗೇ ತೊಳೆದುಹೋಗುತ್ತಿತ್ತು. ಮರುದಿನ ಹೊಸ ಗೋಡೆ, ಹೊಸ ಬಸ್ಸು.

ಇದನ್ನು ಬರೆದಿಡಬೇಕು ಅಂತ ಆಗ ಅನ್ನಿಸಿರಲಿಲ್ಲ. ಮಕ್ಕಳ ಸ್ನಾನಕ್ಕೂ ಒಂದು ಚರಿತ್ರೆ ಇದೆ, ಅದರೊಳಗೆ ಒಂದು ಭಾಷೆ ಬದುಕಿರುತ್ತದೆ ಎಂದು ನನಗೆ ಗೊತ್ತಾದದ್ದು ಊರಿನಿಂದ ಬಹಳ ದೂರದ ಸೊಲ್ಲಾಪುರದಲ್ಲಿ.

2013ರಲ್ಲಿ ನಾವು ಅಲ್ಲಿಗೆ ಹೋದೆವು. ನಮ್ಮವರದ್ದು ಟವೆಲ್ ಮತ್ತು ಚಾದರದ ವ್ಯಾಪಾರ. ಅಲ್ಲಿನ ಪವರ್‌ಲೂಮ್‌ಗಳಿಂದ ಮಾಲು ಎತ್ತಿ ಮಂಗಳೂರು, ಕಾಸರಗೋಡಿನ ಅಂಗಡಿಗಳಿಗೆ ಕಳಿಸುವುದು. ನಮ್ಮ ಜನರ ಹೆಸರಿನಲ್ಲೇ 'ಬ್ಯಾರ' ಇದೆ, ವ್ಯಾಪಾರ ಎಲ್ಲಿಗೆ ಕರೆದರೂ ಹೋಗಬೇಕು ಎಂದು ಬಾಪ ಹೇಳಿ ಕಳಿಸಿದರು. ಮಗನಿಗೆ ಆಗ ಎರಡು ವರ್ಷ.

ಬಾಡಿಗೆ ಮನೆಗೆ ಸಾಮಾನು ಇಳಿಸಿದ ದಿನವೇ ಪಕ್ಕದ ಮನೆಯವರು ಹೇಳಿದ ಮೊದಲ ಮಾತು, "ನೀರು ನಾಲ್ಕು ದಿನಕ್ಕೊಮ್ಮೆ." ನಾನು ತಮಾಷೆ ಅಂದುಕೊಂಡೆ. ನಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ. ಸೊಲ್ಲಾಪುರ ಜಿಲ್ಲೆಯಲ್ಲಿ ಬೀಳುವುದು ಅದರ ಐದನೆಯ ಒಂದು ಭಾಗದ ಆಸುಪಾಸು. ಆ ಊರಿನ ಚರಿತ್ರೆಯನ್ನು ನೀರಿನ ಲೆಕ್ಕದಲ್ಲೇ ಬರೆಯಬಹುದು. 12ನೆಯ ಶತಮಾನದಲ್ಲಿ ಸಿದ್ಧರಾಮ ತೋಡಿಸಿದ ಕೆರೆ, 1871ರಲ್ಲಿ ಬ್ರಿಟಿಷರು ಮುಗಿಸಿದ ಏಕರೂಖ್ ಕೆರೆ, ಆಮೇಲೆ ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು. ಇಷ್ಟು ಇದ್ದೂ ನಮ್ಮ ಓಣಿಯಲ್ಲಿ ನೀರು ಬರುವ ದಿನವೆಂದರೆ ಹಬ್ಬದ ದಿನ. ಡ್ರಮ್ಮು, ಕೊಡ, ಪಾತ್ರೆ, ಕೊನೆಗೆ ಪ್ರೆಶರ್ ಕುಕ್ಕರನ್ನೂ ತುಂಬಿಸಿಡುತ್ತಿದ್ದೆವು.

ಮಗನ ಸ್ನಾನವನ್ನು ನಾನು ಎರಡು ನಿಮಿಷದ ಕೆಲಸ ಮಾಡಿಬಿಟ್ಟೆ. ಬಟ್ಟೆ ಬಿಚ್ಚು, ಸೋಪು, ನಾಲ್ಕು ಮಗ್ ನೀರು, ಮುಗಿಯಿತು. ಅವನು ಅಳುತ್ತಿದ್ದ. ನನಗೂ ಸಿಟ್ಟು. ಹರಿಯುವ ಹೊಳೆಯ ದಂಡೆಯಲ್ಲಿ ಕೂತು ವುಳೂ ಮಾಡುವಾಗಲೂ ನೀರು ದುಂದು ಮಾಡಬಾರದು ಎಂದು ಮದ್ರಸದಲ್ಲಿ ಕಲಿತವಳು ನಾನು. ಆದರೆ ನೇತ್ರಾವತಿಯ ದಂಡೆಯಲ್ಲಿ ಇರುವಷ್ಟು ಕಾಲ ಆ ಮಾತಿನ ಭಾರ ನನಗೆ ತಿಳಿದಿರಲಿಲ್ಲ.

ಅಳು ಕೇಳಿ ಬಂದವರು ಪಕ್ಕದ ಮನೆಯ ಆಯಿ. ಅಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಎಪ್ಪತ್ತು ದಾಟಿದ ಹೆಂಗಸು, ಅಕ್ಕಲಕೋಟೆ ತಾಲ್ಲೂಕಿನ ಮೈಂದರ್ಗಿಯವರು. ಮೈಂದರ್ಗಿ, ದುಧನಿ, ನಾಗಣಸೂರು, ಈ ಊರುಗಳಲ್ಲೆಲ್ಲ ಮನೆಮಾತು ಕನ್ನಡ. ನನ್ನ ಮಂಗಳೂರು ಕನ್ನಡ ಕೇಳಿ ಆಯಿ ಮೊದಲು ನಕ್ಕರು, ಆಮೇಲೆ ನನ್ನ ಮಗನನ್ನು ಎತ್ತಿಕೊಂಡರು.

"ಯವ್ವಾ, ಹೊಲಸ ಆಗಲಾರದ ಕೂಸಿಗೆ ಜಳಕ ಯಾಕ ಬೇಕು? ಮದಲ ಅದನ್ನ ಹೊಲಸ ಆಗಾಕ ಬಿಡು."

ಒಂದು ಸಣ್ಣ ಬಟ್ಟಲಲ್ಲಿ ಕಡಲೆಹಿಟ್ಟು, ಇನ್ನೊಂದರಲ್ಲಿ ಅರಿಸಿನ, ಮೂರನೆಯದರಲ್ಲಿ ಕೊಬ್ಬರಿ ಎಣ್ಣೆ ತಂದಿಟ್ಟರು. ಮೋರಿಯ ಒಣ ಕಲ್ಲಿನ ಮೇಲೆ ಹುಡುಗನನ್ನು ಕೂರಿಸಿದರು. ಮೋರಿ ಎಂದರೆ ಅಲ್ಲಿನ ಮನೆಗಳಲ್ಲಿ ಮೂಲೆಯಲ್ಲಿರುವ ಸ್ನಾನದ ಜಾಗ. ಅವನು ಎಣ್ಣೆಯ ಕೈಯನ್ನು ಅರಿಸಿನಕ್ಕೆ ಅದ್ದಿ ಹೊಟ್ಟೆಯ ಮೇಲೆ, ಗೋಡೆಯ ಮೇಲೆ, ಆಯಿಯ ಸೀರೆಯ ಮೇಲೆ ಬೆರಳು ಎಳೆದ. ಅರ್ಧ ಗಂಟೆ ಒಂದು ಹನಿ ನೀರೂ ಖರ್ಚಾಗಲಿಲ್ಲ. ಆಮೇಲೆ ಆಯಿ ಸೋಪಿನ ತುಂಡು ಅವನ ಕೈಗೆ ಕೊಟ್ಟರು. ಅರಿಸಿನದ ಗೆರೆಯ ಮೇಲೆ ಒದ್ದೆ ಸೋಪು ಉಜ್ಜಿದೊಡನೆ ಹಳದಿ ಹೋಗಿ ಕೆಂಪಾಯಿತು. ಮಗ ಕಿರುಚಿದ, ಆದರೆ ಅಳುವಿನ ಕಿರುಚಲ್ಲ. ಕೊನೆಗೆ ಅವರು ಸುರಿದದ್ದು ಒಂದೇ ಬಕೆಟ್ ನೀರು. ಅದೂ ಮೋರಿಯ ತೂಬಿನಿಂದ ಹೊರಗಿನ ಕರಿಬೇವಿನ ಗಿಡದ ಬುಡಕ್ಕೆ ಹೋಯಿತು.

ಹಳದಿ ಕೆಂಪಾಗುವುದರಲ್ಲಿ ಮಾಟವೇನೂ ಇಲ್ಲ. ಸೋಪಿನಲ್ಲಿ ಕ್ಷಾರ ಇದೆ. ಕ್ಷಾರ ತಾಗಿದರೆ ಅರಿಸಿನ ಕೆಂಪಾಗುತ್ತದೆ, ಲಿಂಬೆರಸ ಹಿಂಡಿದರೆ ಮತ್ತೆ ಹಳದಿ. ಬಾರ್ ಸೋಪಿನಲ್ಲಿ ಇದು ಆಗುತ್ತದೆ. ಈಗಿನ ಬಾಡಿ ವಾಶ್‌ಗಳಲ್ಲಿ ಹಲವು ಸಲ ಆಗುವುದಿಲ್ಲ, ಅವುಗಳಲ್ಲಿ ಕ್ಷಾರ ಕಡಿಮೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೂ ಇದೇ ಕೆಂಪು ಬರುತ್ತದೆ. ಕನ್ನಡದವರು ತಲೆತಲಾಂತರದಿಂದ ಹಾಗೆ ಮಾಡಿದ ನೀರಿಗೇ 'ಓಕುಳಿ' ಎನ್ನುತ್ತಾರೆ. ಮದುವೆ ಮನೆಯಲ್ಲಿ ಓಕುಳಿ, ಹಬ್ಬದಲ್ಲಿ ಓಕುಳಿ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಹನುಮಂತನ ಗುಡಿಯ ಮುಂದೆ ಹೊಂಡಕ್ಕೆ ನೀರು ತುಂಬಿಸಿ ಓಕುಳಿ ಆಡುತ್ತಾರೆ. ಮಕ್ಕಳ ಮೈಗೆ ಮಾತ್ರ ಸುಣ್ಣ ಕೂಡದು, ಚರ್ಮ ಸುಡುತ್ತದೆ. ಅದಕ್ಕೇ ಆಯಿ ಸೋಪು ಕೊಟ್ಟದ್ದು.

ಆ ದಿನದಿಂದ ನನಗೆ ಈ ವಿಷಯದ ಗೀಳು ಹತ್ತಿತು. ಕೇಳುತ್ತಾ, ಓದುತ್ತಾ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಬಣ್ಣ, ಕೆಸರು, ಎಣ್ಣೆ, ಸ್ನಾನ ಇವೆಲ್ಲ ಒಂದೇ ಆಟದ ಭಾಗಗಳು ಎನ್ನುವುದು ಆ ಸೀಮೆಗೆ ಇಂದು ನಿನ್ನೆ ಹೊಳೆದ ವಿಚಾರವಲ್ಲ.

ಸೊಲ್ಲಾಪುರ ಒಂದು ಕಾಲದಲ್ಲಿ ಕಲ್ಯಾಣಿ ಚಾಲುಕ್ಯರ ರಾಜ್ಯಕ್ಕೆ ಸೇರಿತ್ತು. ಅವರ ರಾಜಧಾನಿ ಕಲ್ಯಾಣ, ಈಗಿನ ಬಸವಕಲ್ಯಾಣ, ಅಲ್ಲಿಂದ ಬಹಳ ದೂರವೇನಲ್ಲ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆಸಿದ. ನೂರು ಅಧ್ಯಾಯಗಳು. ಅಡುಗೆ, ಆನೆ, ಸಂಗೀತ, ಮೀನು ಹಿಡಿಯುವುದು, ಎಲ್ಲವೂ ಅದರಲ್ಲಿವೆ. ಅರಸನ ಸುಖಗಳನ್ನು ಹೇಳುವ ಭಾಗದಲ್ಲಿ ಸುಗಂಧದ ಎಣ್ಣೆ ಹಚ್ಚಿ ಮೀಯುವ ಸ್ನಾನವೂ ಇದೆ, ಗೋಡೆಯ ಮೇಲೆ ಚಿತ್ರ ಬರೆಯುವ ಬಗೆಯೂ ಇದೆ. ಆಟಗಳನ್ನು ಹೇಳುವ ಭಾಗದಲ್ಲಿ ನೀರಾಟವೂ ಬರುತ್ತದೆ. ಅರಸನಿಗೆ ಇದೆಲ್ಲ ಮಾಡಿಸಲು ಆಳುಕಾಳು ಇದ್ದರು. ನನ್ನ ಮಗನಿಗೆ ಆಯಿ ಇದ್ದರು.

ಅದೇ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ತೋಡಿಸುತ್ತಿದ್ದ. ಅಲ್ಲಮ ಅಲ್ಲಿಗೆ ಬಂದು ಅವನನ್ನು ಒಡ್ಡರಾಮ ಎಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮಣ್ಣು ಹೊರುವವನು ಎಂದು ಚುಚ್ಚಿದ್ದು. ಒಣ ನಾಡಿನಲ್ಲಿ ನೀರು ಬೇಕಾದರೆ ಮೊದಲು ಯಾರಾದರೂ ಮಣ್ಣಾಗಲೇಬೇಕಲ್ಲ. ಆ ಕೆರೆ ಇಂದಿಗೂ ಊರಿನ ನಡುವೆ ಇದೆ. ಮಗನನ್ನು ಸಂಜೆ ಹೊತ್ತು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ.

ಮಕರ ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಸಿದ್ಧೇಶ್ವರನ ಗಡ್ಡಾ ಯಾತ್ರೆ. ಏಳು ಎತ್ತರದ ನಂದಿಧ್ವಜಗಳನ್ನು ಹೊತ್ತು ಜನ ಬಿಳಿ ಬಟ್ಟೆಯಲ್ಲಿ ನಡೆಯುತ್ತಾರೆ. ಸಿದ್ಧರಾಮ ಊರ ಸುತ್ತ ಸ್ಥಾಪಿಸಿದನೆಂದು ನಂಬುವ 68 ಲಿಂಗಗಳಿಗೆ ಮೊದಲ ದಿನ ಎಣ್ಣೆಯ ಅಭಿಷೇಕ. ಆ ದಿನಕ್ಕೆ ಅಲ್ಲಿನ ಮರಾಠಿ ಪತ್ರಿಕೆಗಳು ಅಚ್ಚು ಹಾಕುವ ಹೆಸರು 'ಯಣ್ಣೀಮಜ್ಜನ'. ನಾನು ಎರಡು ಸಲ ಓದಿದೆ. ಎಣ್ಣೆ ಮಜ್ಜನ! ಮರಾಠಿ, ತೆಲುಗು, ಉರ್ದು ಮಾತಾಡುವವರೂ ಅದನ್ನು ಹಾಗೆಯೇ ಕರೆಯುತ್ತಾರೆ. ಊರಿನ ಆಡಳಿತದ ಭಾಷೆ ಬದಲಾಗಿದೆ, ಅಂಗಡಿಯ ಬೋರ್ಡು ಬದಲಾಗಿದೆ, ಶಾಲೆಯ ಪುಸ್ತಕ ಬದಲಾಗಿದೆ. ಎಣ್ಣೆ ಹಚ್ಚಿ ಮೀಯಿಸುವ ಮಾತು ಮಾತ್ರ ಕನ್ನಡದಲ್ಲೇ ಉಳಿದಿದೆ.

ಇನ್ನು ನೀರಿನ ಬೆಡಗು ನೋಡಬೇಕಾದರೆ ನಳದುರ್ಗಕ್ಕೆ ಹೋಗಬೇಕು. ಸೊಲ್ಲಾಪುರದಿಂದ ಹೈದರಾಬಾದ್ ದಾರಿಯಲ್ಲಿದೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹಿಯ ಕಾಲದಲ್ಲಿ, 17ನೆಯ ಶತಮಾನದ ಆರಂಭದಲ್ಲಿ, ಬೋರಿ ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿದರು. ಆ ಕಟ್ಟೆಯ ಹೊಟ್ಟೆಯೊಳಗೇ ಒಂದು 'ಪಾನಿ ಮಹಲ್'. ಮಳೆಗಾಲದಲ್ಲಿ ನೀರು ತಲೆಯ ಮೇಲಿಂದ ಧುಮುಕುವಾಗ ಒಳಗೆ ಒಣಗಿದ ಕೋಣೆಯಲ್ಲಿ ಕೂತು ಕಿಟಕಿಯಿಂದ ನೋಡುವ ಏರ್ಪಾಡು. ಅದೇ ಬೋರಿ ನದಿ ಮುಂದೆ ಅಕ್ಕಲಕೋಟೆ ತಾಲ್ಲೂಕಿಗೆ ಹರಿದು, ಕುರನೂರಿನಲ್ಲಿ ಅಣೆಕಟ್ಟಿಗೆ ಸಿಕ್ಕಿ, ಕೊನೆಗೆ ಭೀಮೆಯನ್ನು ಸೇರುತ್ತದೆ. ಮಳೆ ಅಪರೂಪವಾದ ಸೀಮೆಯಲ್ಲಿ ನೀರು ಬಿದ್ದಾಗ ಅದನ್ನು ಕಣ್ತುಂಬ ನೋಡುವುದಕ್ಕೆಂದೇ ಒಬ್ಬ ಸುಲ್ತಾನ ಮಹಲು ಕಟ್ಟಿಸಿದ ಎನ್ನುವುದು ನನಗೆ ಆಗ ಚೆನ್ನಾಗಿ ಅರ್ಥವಾಯಿತು.

ಸುಲ್ತಾನರು, ಅರಸರು ಇರಲಿ. ನಿಜವಾದ ಚರಿತ್ರೆ ಆಯಿಯ ಪಂಚಾಂಗದಲ್ಲಿತ್ತು. ಮಕ್ಕಳು ಯಾವಾಗ ಹೊಲಸಾಗಬೇಕು ಎನ್ನುವುದಕ್ಕೆ ಅಲ್ಲಿ ತಿಥಿ ಇದೆ.

ಜೂನ್ ಹೊತ್ತಿಗೆ ಕಾರಹುಣ್ಣಿಮೆ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮೊದಲ ಮಳೆಗೆ ನೆನೆದ ಎರೆಮಣ್ಣು ತಂದು ಮಕ್ಕಳು ಜೋಡಿ ಎತ್ತು ಮಾಡುತ್ತಾರೆ, ಗೋದಲಿಯನ್ನೂ ಮಾಡುತ್ತಾರೆ. ನಮ್ಮ ಕರಾವಳಿಯ ಕೆಂಪು ಮಣ್ಣು ಕೈಯಲ್ಲಿ ಉದುರುತ್ತದೆ, ದಖ್ಖನಿನ ಕಪ್ಪು ಮಣ್ಣು ಅಂಟಿಕೊಂಡು ಹೇಳಿದ ಹಾಗೆ ನಿಲ್ಲುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಅದೂ ಮಣ್ಣಿನದೇ. ಕೊನೆಯ ವಾರ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಎಲ್ಲರೂ ಕೂಡಿ ಉಣ್ಣುವುದು. ಶ್ರಾವಣದಲ್ಲಿ ನಾಗಪಂಚಮಿ. ದೀಪಾವಳಿಗೆ ಮರಾಠಿ ಮನೆಗಳ ಮುಂದೆ ಮಕ್ಕಳು ಮಣ್ಣಿನ ಕಿಲ್ಲಾ, ಅಂದರೆ ಕೋಟೆ ಕಟ್ಟುತ್ತಾರೆ. ಅದರ ಮೇಲೆ ಕಾಳು ಬಿತ್ತಿ ಹಸಿರು ಮೊಳಕೆ ಬರಿಸುತ್ತಾರೆ. ಆಮೇಲೆ ನಸುಕಿನಲ್ಲಿ ಎಣ್ಣೆ, ಉಟಣೆಯ ಪುಡಿ ಹಚ್ಚಿ ಬಿಸಿನೀರಿನ ಸ್ನಾನ. ಹೋಳಿಯಾಗಿ ಐದನೆಯ ದಿನಕ್ಕೆ ರಂಗಪಂಚಮಿ. ಲೆಕ್ಕ ಹಾಕಿದರೆ ವರ್ಷದಲ್ಲಿ ಅರ್ಧ ಕಾಲ ಮಕ್ಕಳ ಉಗುರಿನ ಸಂದಿಯಲ್ಲಿ ಏನಾದರೊಂದು ಬಣ್ಣ ಇದ್ದೇ ಇರುತ್ತದೆ.

ನನಗೆ ಇಲ್ಲಿ ಸ್ವಲ್ಪ ಮುಜುಗರ ಇತ್ತು, ಮುಚ್ಚಿಡುವುದಿಲ್ಲ. ಇವು ಅವರ ಹಬ್ಬಗಳು, ಪೂಜೆಯ ವಸ್ತುಗಳು. ಮಗ ಆಯಿಯ ಮೊಮ್ಮಕ್ಕಳ ನಡುವೆ ಕೂತು ಮಣ್ಣಿನ ಎತ್ತು ಮಾಡುವಾಗ ಊರಿನವರು ಏನೆನ್ನುತ್ತಾರೋ ಎಂದು ಯೋಚಿಸಿದೆ. ಆಯಿಗೆ ಅದು ತಿಳಿಯಿತೋ ಏನೋ. ಮೊಮ್ಮಕ್ಕಳ ಎತ್ತು ಜಗುಲಿಯ ಮೇಲಿಟ್ಟರು, ನನ್ನ ಮಗ ಮಾಡಿದ್ದನ್ನು ಅವನ ಕೈಗೇ ಕೊಟ್ಟು, "ನಿನ್ನ ಎತ್ತಿಗೆ ನೀನ ನೀರ ಕುಡಿಸು" ಎಂದರು. ಅವನು ಅದನ್ನು ಸ್ನಾನದ ಬಕೆಟ್ಟಿಗೆ ಇಳಿಸಿದ. ಎತ್ತು ಕರಗಿತು, ನೀರು ಕಪ್ಪಾಯಿತು, ಅದೇ ನೀರಿನಿಂದ ಅವನು ಗೋಡೆಯ ಮೇಲೆ ಇನ್ನೊಂದು ಎತ್ತು ಬರೆದ. ನಾನು ಚಿಕ್ಕವಳಿದ್ದಾಗ ದೀಪಾವಳಿಯ ಹಿಂದಿನ ದಿನ ಪಕ್ಕದ ತುಳು ಮನೆಯವರ ಹಂಡೆಗೆ ಸುಣ್ಣದ ಗೆರೆ ಎಳೆಯುವಾಗ ಬ್ರಶ್ಶಿನ ಬದಲು ನನ್ನ ಬೆರಳನ್ನೂ ಕರೆಯುತ್ತಿದ್ದದ್ದು ನೆನಪಾಯಿತು. ಉಮ್ಮ ಅದಕ್ಕೆ ಒಂದು ದಿನವೂ ಅಡ್ಡ ಹೇಳಿರಲಿಲ್ಲ.

ಸ್ನಾನ ಮುಗಿದ ಮೇಲೆ ಒರೆಸಲು ನಮ್ಮದೇ ಗೋದಾಮಿನ ಟವೆಲ್. ಅದರ ಕತೆಯೂ ಬಚ್ಚಲಿನದ್ದೇ. ನಮ್ಮ ಹಿರಿಯರು ಇದಕ್ಕೆ ಟರ್ಕಿ ಟವೆಲ್ ಎನ್ನುವುದು ಸುಮ್ಮನೆ ಅಲ್ಲ. ತುರ್ಕಿಯ ಹಮಾಮುಗಳಲ್ಲಿ ಬಳಸುತ್ತಿದ್ದ ಕುಣಿಕೆ ಎಳೆಯ ಬಟ್ಟೆಯನ್ನು 1850ರ ಸುಮಾರಿಗೆ ಹೆನ್ರಿ ಕ್ರಿಸ್ಟಿ ಎಂಬವನು ಇಂಗ್ಲೆಂಡಿಗೆ ಕೊಂಡುಹೋದ. ಸ್ಯಾಮ್ಯುಯೆಲ್ ಹೋಲ್ಟ್ ಅದನ್ನು ಯಂತ್ರದಲ್ಲಿ ನೇಯುವ ದಾರಿ ಕಂಡುಹಿಡಿದ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದರು.

ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. 1870ರ ದಶಕದಲ್ಲಿ ಮೊದಲ ಬಟ್ಟೆ ಗಿರಣಿ. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದು ನೆಲೆಸಿದರು. ಮುಂದೆ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಓಣಿ ಓಣಿಯ ಪವರ್‌ಲೂಮ್‌ಗಳು ಉಳಿದವು. ಇವತ್ತು ಸೊಲ್ಲಾಪುರದ ಚಾದರಕ್ಕೂ ಟವೆಲ್ಲಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ಮಗ್ಗದ ಮುಂದೆ ನಿಂತು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಟವೆಲ್ಲಿಗೆ ಹಾಸಿನ ನೂಲು ಎರಡು ಬಗೆ. ಒಂದು ಬಿಗಿ, ಇನ್ನೊಂದು ಸಡಿಲ. ಮೂರು ಹೊಕ್ಕು ಹಾಕಿ, ಆಮೇಲೆ ಮೂರನ್ನೂ ಒಟ್ಟಿಗೆ ಬಡಿದು ತಳ್ಳಿದಾಗ ಬಿಗಿಯಾದದ್ದು ಅಲ್ಲೇ ಇರುತ್ತದೆ, ಸಡಿಲವಾದದ್ದು ಎದ್ದು ಕುಣಿಕೆಯಾಗುತ್ತದೆ. ಆ ಕುಣಿಕೆಗಳೇ ನೀರು ಹೀರುವುದು. ಮಗನಿಗೆ ಇದನ್ನು ತೋರಿಸಿದ ಮೇಲೆ ಟವೆಲ್ಲೂ ಆಟದ ಸಾಮಾನಾಯಿತು. ಎಣ್ಣೆ ಅರಿಸಿನದ ಅಂಗೈಯನ್ನು ಹಳೆ ಟವೆಲ್ಲಿಗೆ ಒತ್ತಿ ಅಚ್ಚು ಹಾಕುತ್ತಿದ್ದ. ಅಂಥ ಒಂದು ಬಿಳಿ ಟವೆಲ್ ಈಗಲೂ ನನ್ನ ಹತ್ತಿರ ಇದೆ. ಐದು ಬೆರಳೂ ಇನ್ನೂ ಕಾಣುತ್ತವೆ.

2016ರ ಬೇಸಿಗೆ ಮಾತ್ರ ಆಟವನ್ನು ನಿಲ್ಲಿಸುವ ಹಾಗೆ ಬಂತು. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಪಕ್ಕದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಕಳಿಸಿದರು. ಮೊದಲ ರೈಲು ಏಪ್ರಿಲ್ 12ರಂದು ಲಾತೂರು ಮುಟ್ಟಿತು. ಹತ್ತು ಟ್ಯಾಂಕರು, ಐದು ಲಕ್ಷ ಲೀಟರ್. ಸೊಲ್ಲಾಪುರ ಜಿಲ್ಲೆಯ ಕುರ್ಡುವಾಡಿ ದಾರಿಯಲ್ಲೇ ಅದು ಹೋದದ್ದು. ಆ ಸುದ್ದಿ ಟಿವಿಯಲ್ಲಿ ನೋಡುವಾಗ ಮೋರಿಯಲ್ಲಿ ಮಗ ಬಣ್ಣ ಕಲಸುತ್ತಿದ್ದ. ನನಗೆ ನಾಚಿಕೆಯಾಗಿ ಬಟ್ಟಲುಗಳನ್ನು ಎತ್ತಿಟ್ಟೆ.

ಆಯಿ ಕೇಳಿದರು, "ಯಾಕ ಯವ್ವಾ?"

"ಇಷ್ಟು ಬರಗಾಲದಲ್ಲಿ ಆಟ ಸರಿಯಾ ಆಯಿ?"

"ಆಟಕ್ಕ ನೀರ ಎಲ್ಲಿ ಹತ್ತತೈತಿ? ಎಣ್ಣಿ, ಹಿಟ್ಟು, ಮಣ್ಣು, ಮಸಿ. ನೀರ ಬೇಕಾಗೂದು ಕಡೀಕ. ಅದು ಎಷ್ಟೈತಿ ಅಷ್ಟ."

ಅವರು ಆ ಬೇಸಿಗೆಯಲ್ಲಿ ಒಂದು ದೊಡ್ಡ ಪರಾತದಲ್ಲಿ ಮಗನನ್ನು ನಿಲ್ಲಿಸಿ ಎರಡು ತಂಬಿಗೆ ನೀರಿನಲ್ಲಿ ಜಳಕ ಮುಗಿಸುತ್ತಿದ್ದರು. ಒದ್ದೆ ಬಟ್ಟೆಯಿಂದ ಮೊದಲು ಒರೆಸುವುದು, ಆಮೇಲೆ ಮೇಲಿನಿಂದ ಸಣ್ಣ ಧಾರೆ. ಪರಾತದಲ್ಲಿ ಉಳಿದ ನೀರಿನಲ್ಲಿ ಅವನು ಕಾಲು ಬಡಿದು ಆಡಿದ ಮೇಲೆ ಅದು ಮತ್ತೆ ಕರಿಬೇವಿಗೆ. ನೀರು ಸಮೃದ್ಧವಾಗಿರುವ ಮನೆಯ ಮಕ್ಕಳಿಗೆ ಮಾತ್ರ ಬಚ್ಚಲಾಟ ಎಂದು ನಾನು ಅಂದುಕೊಂಡಿದ್ದೆ. ಆಟವನ್ನು ಮೊದಲು ಮುಗಿಸಿ ನೀರನ್ನು ಕೊನೆಗೆ ಮುಟ್ಟುವುದು ಬರಗಾಲವೇ ಕಲಿಸಿದ ಬುದ್ಧಿ ಎಂದು ಈಗ ಅನ್ನಿಸುತ್ತದೆ.

ಆದರೆ ನಾನು ಈ ಲೇಖನ ಬರೆಯಲು ಕಾರಣ ಬೇರೆಯೇ ಇದೆ.

ಅದೇ ವರ್ಷ ರಮಝಾನಿನಲ್ಲಿ ಮಾಮಿ ಫೋನ್ ಮಾಡಿ ಮೊಮ್ಮಗನ ಹತ್ತಿರ ಮಾತಾಡಬೇಕು ಎಂದರು. ಅವರು ಬ್ಯಾರಿಯಲ್ಲಿ ಏನೋ ಕೇಳಿದರು. ಮಗ ನನ್ನ ಮುಖ ನೋಡಿದ. ಮತ್ತೆ ಕೇಳಿದರು. ಅವನು ಫೋನನ್ನು ನನ್ನ ಕೈಗೆ ಕೊಟ್ಟು, "ಏನಂತಾರ?" ಎಂದು ಆಯಿಯ ಕನ್ನಡದಲ್ಲಿ ಕೇಳಿದ. ಆ ಕಡೆ ಮಾಮಿ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. "ಮೋನುವಿಗೆ ನಮ್ಮ ಭಾಷೆ ಬರುವುದಿಲ್ಲವಾ?" ಎಂದಷ್ಟೇ ಕೇಳಿ ಫೋನ್ ಇಟ್ಟರು.

ತಪ್ಪು ನನ್ನದು. ಸೊಲ್ಲಾಪುರದ ಮುಸ್ಲಿಮರ ಮನೆಮಾತು ದಖನಿ ಉರ್ದು. ಹೊಸದರಲ್ಲಿ ಮಸೀದಿಯ ಬಳಿ ಒಂದಿಬ್ಬರು ಹೆಂಗಸರು ನನ್ನ ಮಾತು ಕೇಳಿ, "ಇದು ಯಾವ ಭಾಷೆ? ಮಲಯಾಳವಾ?" ಎಂದು ಕೇಳಿದ್ದರು. ಅದಕ್ಕೆ ನಾಚಿ ನಾನು ಮಗನ ಹತ್ತಿರ ಮುರುಕು ಉರ್ದು ಮಾತಾಡಲು ಶುರುಮಾಡಿದ್ದೆ. ರಾತ್ರಿ ನಾನೂ ನಮ್ಮವರೂ ಮಾತ್ರ ಬ್ಯಾರಿ. ಮಗನಿಗೆ ಅದು ದೊಡ್ಡವರ ಗುಟ್ಟಿನ ಭಾಷೆಯಾಗಿ ಕಂಡಿರಬೇಕು.

ಅವನಿಗೆ ಆಗ ಸ್ನಾನಕ್ಕೆ ಎಷ್ಟು ಪದ ಗೊತ್ತಿತ್ತು ಎಂದು ಆ ರಾತ್ರಿ ಎಣಿಸಿದೆ. ಆಯಿಯಿಂದ 'ಜಳಕ'. ಬಾಲವಾಡಿಯ ಟೀಚರಿನಿಂದ ಮರಾಠಿಯ 'ಅಂಘೋಳ'. ಎದುರು ಮನೆಯ ನೇಕಾರರ ಹುಡುಗನಿಂದ ತೆಲುಗಿನ 'ಸ್ನಾನಂ'. ನನ್ನಿಂದ ಉರ್ದುವಿನ 'ನಹಾನಾ'. ನಾಲ್ಕು. ಐದನೆಯದು, ಉಮ್ಮ ಹಂಡೆಯ ಪಕ್ಕ ನಿಂತು ನನ್ನನ್ನು ಕರೆಯುತ್ತಿದ್ದ ನಮ್ಮ 'ಕುಲಿ', ಅವನಿಗೆ ಗೊತ್ತೇ ಇರಲಿಲ್ಲ.

ಆಯಿ ನನ್ನ ಮಗನಿಗೆ ಕನ್ನಡ ಕಲಿಸಲು ಕೂತವರಲ್ಲ. ಎಣ್ಣೆ ಹಚ್ಚುವಾಗ ಒಂದೊಂದು ಅಂಗಕ್ಕೂ ಹೆಸರು ಹೇಳಿ ಹಚ್ಚುತ್ತಿದ್ದರು. ಕಿವಿ ಹಿಂದ, ಕುತ್ತಿಗಿ, ಹೆಗಲ, ಹಿಮ್ಮಡ. ಮಾತು ಎಣ್ಣೆಯ ಜೊತೆ ಒಳಗೆ ಇಳಿಯಿತು. ಮರುದಿನದಿಂದ ನಾನೂ ಹಾಗೆಯೇ ಮಾಡಿದೆ. ಅರಿಸಿನದ ಬೆರಳು ಅವನದ್ದು, ಹೆಸರು ನನ್ನದು. ಕೈ, ಕಾಲ್, ಮೂಕ್, ಕನ್ನ್. ಕನ್ನಡದ 'ಣ' ಮತ್ತು 'ಳ' ನಮ್ಮ ಬಾಯಲ್ಲಿ 'ನ' ಮತ್ತು 'ಲ' ಆಗುವುದು ಅವನಿಗೆ ಭಾರೀ ತಮಾಷೆ. ಕಣ್ಣಿಗೆ ಒಂದು ಬೊಟ್ಟು, ಕನ್ನಿಗೆ ಇನ್ನೊಂದು ಎಂದು ಎರಡು ಕಣ್ಣಿನ ಕೆಳಗೂ ಹಳದಿ ಇಡುತ್ತಿದ್ದ. ನೀರು ಸುರಿಯುವಾಗ 'ತನ್ನಿ' ಎಂದು ಅವನೇ ಕೂಗಬೇಕು, ಕೂಗಿದರೆ ಮಾತ್ರ ಧಾರೆ ಬೀಳುವುದು. ಮುಂದಿನ ಪೆರ್ನಾಲಿಗೆ ಮಾಮಿ ಫೋನ್ ಮಾಡಿದಾಗ ಅವನು ನಾಲ್ಕು ವಾಕ್ಯ ಮಾತಾಡಿದ. ಎರಡು ತಪ್ಪಿತ್ತು. ಮಾಮಿ ಅತ್ತರು, ನಾನೂ ಅತ್ತೆ.

ಅಕ್ಕಲಕೋಟೆಯ ಕನ್ನಡದವರ ಸ್ಥಿತಿ ನಮಗೆ ಅಷ್ಟೇನೂ ದೂರದ್ದಲ್ಲ. 1967ರ ಮಹಾಜನ ಆಯೋಗದ ವರದಿಯಲ್ಲಿ ಅಕ್ಕಲಕೋಟೆ ತಾಲ್ಲೂಕೂ, ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗವೂ ಕರ್ನಾಟಕಕ್ಕೆ ಸೇರಬೇಕು ಎಂದು ಒಟ್ಟಿಗೇ ಬರೆದಿತ್ತು. ಎರಡೂ ಸೇರಲಿಲ್ಲ. ಒಂದು ಮಹಾರಾಷ್ಟ್ರದಲ್ಲಿ ಉಳಿಯಿತು, ಇನ್ನೊಂದು ಕೇರಳದಲ್ಲಿ. ಗಡಿ ಎಲ್ಲಿರಬೇಕು ಎನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ನಾನು ಕಂಡದ್ದು ಇಷ್ಟು. ಅಕ್ಕಲಕೋಟೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಗಳು ಇವೆ, ಅವು ಬೇಕೇಬೇಕು. ಆದರೆ ಶಾಲೆಗೆ ಬರುವ ಮೊದಲೇ ಮಗುವಿನ ಮೈಗೆ ಆ ಭಾಷೆಯನ್ನು ಹಚ್ಚಿ ಕಳಿಸುವ ಆಯಿಯರು ಮನೆಯಲ್ಲಿದ್ದರು. ಹಾಗೆ ಹಚ್ಚಿ ಕಳಿಸಿದ್ದಕ್ಕೇ ಶಾಲೆಗೆ ಬಂದ ಮಗುವಿಗೆ ಕನ್ನಡ ಹೊಸದಾಗಿರಲಿಲ್ಲ.

ನಮ್ಮ ಭಾಷೆಗೂ 2009ರಲ್ಲಿ ಸಾಹಿತ್ಯ ಅಕಾಡೆಮಿ ಬಂತು. ಪುಸ್ತಕ, ಕವಿಗೋಷ್ಠಿ, ಸಮ್ಮೇಳನ ನಡೆಯುತ್ತಿವೆ, ಸಂತೋಷ. ಆದರೆ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಬ್ಯಾರಿಯಲ್ಲಿ ಸ್ನಾನ ಮಾಡಿಸುತ್ತೇವೆ? ಬಾಣಂತಿಯ ನಲ್ವತ್ತು ದಿನ ಎಣ್ಣೆ ತಿಕ್ಕಿ, ಕಾಲು ಚಾಚಿ ಕೂಸನ್ನು ಮಲಗಿಸಿ ನೀರು ಹಾಕುತ್ತಿದ್ದ ಹಿರಿಯ ಹೆಂಗಸರು ಆಡುತ್ತಿದ್ದ ಮಾತುಗಳು ಎಷ್ಟು ಜನರಿಗೆ ನೆನಪಿವೆ? ನನಗೆ ಅರ್ಧವೂ ನೆನಪಿಲ್ಲ.

2018ರಲ್ಲಿ ನಾವು ಊರಿಗೆ ವಾಪಸಾದೆವು. ಹಳೆ ಬಚ್ಚಲು ಈಗ ಇಲ್ಲ. ಟೈಲ್ಸ್ ಹಾಕಿದ ಬಾತ್‌ರೂಮಿನಲ್ಲಿ ಗೀಸರ್ ಇದೆ, ಶವರ್ ಇದೆ, ದಿನದ ಇಪ್ಪತ್ನಾಲ್ಕು ಗಂಟೆಯೂ ನೀರಿದೆ. ಆಮೇಲೆ ಹುಟ್ಟಿದ ಮಗಳಿಗೆ ಈಗ ನಾಲ್ಕು ವರ್ಷ. ಶುಕ್ರವಾರ ಬೆಳಿಗ್ಗೆ ಅವಳಿಗೆ ಮೂರು ಬಟ್ಟಲು ಕೊಡುತ್ತೇನೆ. ಒಂದರಲ್ಲಿ ಎಣ್ಣೆ ಕಲಸಿದ ಅರಿಸಿನ, ಒಂದರಲ್ಲಿ ಅಕ್ಕಿಹಿಟ್ಟಿನ ಗಂಜಿ, ಒಂದರಲ್ಲಿ ಬೀಟ್‌ರೂಟ್ ರಸ. ನಲ್ಲಿ ಬಂದ್. ಎಲ್ಲ ಬರೆದು ಮುಗಿದ ಮೇಲೆ ಒಂದೇ ಬಕೆಟ್. ಟೈಲ್ಸಿನ ಸಂದಿನ ಹಳದಿ ಪೂರ್ತಿ ಹೋಗುವುದಿಲ್ಲ, ಬಿಸಿಲು ಬಿದ್ದರೆ ದಿನದಿನಕ್ಕೆ ಮಾಸುತ್ತದೆ. ಹಳೆ ಬಟ್ಟೆ, ಹಳೆ ಟವೆಲ್ ಇಟ್ಟುಕೊಳ್ಳಿ. ಕಣ್ಣಿಗೆ ಹೋಗದ ಹಾಗೆ ನೋಡಿ, ಜಾರುವ ಎಣ್ಣೆಯ ಮೇಲೆ ಮಗುವನ್ನು ನಿಲ್ಲಿಸಬೇಡಿ, ಕೂರಿಸಿ. ಒಂದು ನಿಮಿಷವೂ ಬಿಟ್ಟು ಹೋಗಬೇಡಿ.

ಆಯಿ ಈಗ ಇಲ್ಲ. ಹೋದ ವರ್ಷ ಅವರ ಮೊಮ್ಮಗಳು ಫೋನ್ ಮಾಡಿ ತಿಳಿಸಿದಳು. ಆ ಶುಕ್ರವಾರ ಮಗಳಿಗೆ ನೀರು ಹಾಕುವ ಪಾಳಿ ಮಗನದ್ದಾಗಿತ್ತು. ಅವನಿಗೆ ಈಗ ಮೀಸೆ ಚಿಗುರುವ ವಯಸ್ಸು. ಹೊರಗಿನಿಂದ ಕೇಳುತ್ತಿದ್ದೆ. ಮೊದಲು 'ತನ್ನಿ' ಎಂದು ತಂಗಿಯಿಂದ ಕೂಗಿಸಿದ. ಆಮೇಲೆ ಕಿವಿ ಹಿಂದ, ಕುತ್ತಿಗಿ, ಹೆಗಲ, ಹಿಮ್ಮಡ ಎಂದು ಆಯಿಯ ಹಾಗೆಯೇ ಹೇಳುತ್ತಾ ಸುರಿದ.

ನಿಮ್ಮ ಮನೆಯಲ್ಲಿ ಕೂಸಿಗೆ ನೀರು ಹಾಕಿ ಗೊತ್ತಿರುವ ಉಮ್ಮಂದಿರು, ಅಜ್ಜಿಯರು ಇದ್ದರೆ ಇವತ್ತೇ ಪಕ್ಕದಲ್ಲಿ ಕೂತು ಆ ಮಾತುಗಳನ್ನು ಕೇಳಿ ಬರೆದಿಡಿ. ಬರೆದಿಟ್ಟರೆ ಸಾಲದು, ಮುಂದಿನ ಸ್ನಾನಕ್ಕೆ ಅವನ್ನು ಬಳಸಿ.